ಹೊಟ್ಟೆ ಕೊಯ್ಯಿಸುವುದೋ, ಸ್ಟೆಂಟ್ ಹಾಕಿಸುವುದೋ: ಸೊಂಟದ ರಕ್ತನಾಳ ಕಟ್ಟಿಕೊಂಡವರಿಗೆ

"ಸರ, ಹೊಟ್ಟಿ ಕೊಯ್ಯೂದು ಬ್ಯಾಡ್ರಿ. ತಂತಿ ಹಾಕಿ ಬ್ಲಾಕ್ ತಗೀತಾರಂತಲ್ರಿ, ಅದನ್ನ ಮಾಡಸ್ರಿ." ಹುಬ್ಬಳ್ಳಿಯಲ್ಲಿ ಸಿಟಿ ಆಂಜಿಯೋ (ರಕ್ತನಾಳದ ಸ್ಕ್ಯಾನ್) ಮಾಡಿಸಿ ಗದಗಿಗೆ ವಾಪಸ್ ಬಂದ ಮನೆಯವರು ಹೆಚ್ಚಾಗಿ ಆಡುವ ಮಾತಿದು. ಇದಕ್ಕೆ ಉಲ್ಟಾ ಹೇಳುವವರೂ ಇದ್ದಾರೆ: "ಸ್ಟೆಂಟ್ ಎರಡು ವರ್ಷಕ್ಕ ಮುಚ್ಚಿಕೊಳ್ತೈತಂತ, ಒಮ್ಮೆಲೆ ಆಪರೇಷನ್ನ ಮಾಡಿಸಿಬಿಡೂಣು." ಸ್ಟೆಂಟ್ ಎಂದರೆ ನಾಳ ತೆರೆದಿಡುವ ಲೋಹದ ಜಾಲರಿ. ಎರಡು ಮಾತಿನಲ್ಲೂ ಅರ್ಧ ನಿಜವಿದೆ. ನಾನು ಆಪರೇಷನ್ ಮಾಡುವವನಲ್ಲ, ಮಾಡುವವರ ಹತ್ತಿರ ಕಳಿಸುವವನು. ಹಾಗೆ ಕಳಿಸಿದವರು ಆಮೇಲೆ ಬಿಪಿ, ಶುಗರ್ ತೋರಿಸಲು ನನ್ನಲ್ಲಿಗೇ ಬರುವುದರಿಂದ ಯಾರಿಗೆ ಯಾವುದು ಒಗ್ಗಿತು ಎನ್ನುವುದು ಗೊತ್ತಾಗುತ್ತದೆ. ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ ಮುಂಚೆ ಮೂರು ವಿಷಯ ತಿಳಿದುಕೊಳ್ಳಬೇಕು: ಅಪಾಯದಲ್ಲಿರುವುದು ನಡಿಗೆಯೋ ಕಾಲೋ, ಬ್ಲಾಕ್ ಎಲ್ಲಿಂದ ಎಲ್ಲಿಯವರೆಗೆ ಇದೆ, ಹೃದಯ ಮತ್ತು ಶ್ವಾಸಕೋಶ ಎಷ್ಟು ತಡೆದಾವು. ಇವುಗಳಿಗೆ ಉತ್ತರ ಸಿಕ್ಕರೆ ಆಯ್ಕೆ ಬಹುಪಾಲು ತಾನೇ ಇತ್ಯರ್ಥವಾಗುತ್ತದೆ.

ಕಾಯಿಲೆ ಇದೇ ಹೌದೋ ಅಲ್ಲವೋ

ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಗೆ ಆತುಕೊಂಡು ಹೊಟ್ಟೆಯೊಳಗೆ ಇಳಿದು, ಸುಮಾರು ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗುತ್ತದೆ. ಪ್ರತಿ ಕವಲೂ ಸೊಂಟದೊಳಗೆ ಮತ್ತೆ ಒಡೆಯುತ್ತದೆ. ಒಳಗಿನದು ಪಿರ್ರೆ ಮತ್ತು ಜನನಾಂಗದ ಕಡೆ ಹೋಗುತ್ತದೆ, ಹೊರಗಿನದು ತೊಡೆಸಂದಿಯ ಮೂಲಕ ಕಾಲಿಗೆ ಇಳಿಯುತ್ತದೆ. ಈ ಜಾಗದಲ್ಲಿ ಕೊಬ್ಬು, ಸುಣ್ಣ ಕೂತು ನಾಳ ಕಟ್ಟಿದಾಗ ನಡೆಯುತ್ತಾ ಹೋದಂತೆ ಪಿರ್ರೆ, ತೊಡೆ, ಮೀನಖಂಡ ಹಿಡಿದುಕೊಳ್ಳುತ್ತವೆ. ಗಂಡಸರಲ್ಲಿ ನಿಮಿರುವಿಕೆ ಕುಂದುತ್ತದೆ. ತೊಡೆಸಂದಿಯ ನಾಡಿ ಕೈಗೆ ಸಿಗುವುದಿಲ್ಲ. ಈ ಮೂರೂ ಒಟ್ಟಿಗೆ ಬರುವುದನ್ನು ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಶ್ 1940ರಲ್ಲಿ ವಿವರಿಸಿದ್ದರಿಂದ ಕೆಲವು ರಿಪೋರ್ಟುಗಳಲ್ಲಿ 'ಲೆರಿಶ್ ಸಿಂಡ್ರೋಮ್' ಎಂದು ಬರೆದಿರುತ್ತಾರೆ. ಎರಡನೆಯ ಲಕ್ಷಣವನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗನನ್ನು ಹೊರಗೆ ಕೂರಿಸಿ ನಾವೇ ಕೇಳಬೇಕು.

ಇಂಥವರಲ್ಲಿ ಎಷ್ಟೋ ಜನ ನಡದ ನರ ಒತ್ತಿದೆ ಎಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಬೆಲ್ಟ್ ಕಟ್ಟಿಕೊಂಡು ಓಡಾಡಿರುತ್ತಾರೆ. ವ್ಯತ್ಯಾಸ ಹಿಡಿಯುವುದು ಅಂಥ ಕಷ್ಟವೇನಲ್ಲ. ಬೆನ್ನಿನ ನರ ಒತ್ತಿದವರಿಗೆ ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಆರಾಮ, ಬರೀ ನಿಂತರೆ ನೋವು ಬಿಡುವುದಿಲ್ಲ. ಸೈಕಲ್ ಮಾತ್ರ ಚೆನ್ನಾಗಿಯೇ ತುಳಿಯುತ್ತಾರೆ. ರಕ್ತ ಸಾಲದವರಿಗೆ ಇದ್ದಲ್ಲೇ ಎರಡು ನಿಮಿಷ ನಿಂತರೆ ಸಾಕು, ನೋವು ಇಳಿಯುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಆಮೇಲೆ ಮಲಗಿಸಿ ತೊಡೆಸಂದಿಯ ನಡುಭಾಗದಲ್ಲಿ ಎರಡು ಬೆರಳಿಟ್ಟು ನಾಡಿ ನೋಡಬೇಕು. ಹರಡಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳದ ಕಾಯಿಲೆ ಇದೆ ಎಂದೇ ಲೆಕ್ಕ. 0.4ರ ಕೆಳಗಿದ್ದರೆ ತಡಮಾಡುವ ಹಾಗಿಲ್ಲ. ಶುಗರ್ ಹಳೆಯದಿದ್ದವರಲ್ಲಿ ನಾಳ ಗಟ್ಟಿಯಾಗಿ ಈ ಅಂಕಿ ಸುಳ್ಳೇ ಜಾಸ್ತಿ ತೋರಿಸುತ್ತದೆ ಎಂಬುದೂ ನೆನಪಿರಲಿ.

ನಲವತ್ತು ದಾಟದ, ಬೀಡಿ ಬಿಡದ ಹುಡುಗರಲ್ಲಿ ಬೆರಳು ಕಪ್ಪಾಗುವ ಬರ್ಜರ್ ಕಾಯಿಲೆ ಬೇರೆ. ಅದು ಹೆಚ್ಚಾಗಿ ಮೊಣಕಾಲಿನ ಕೆಳಗಿನ ಸಣ್ಣ ನಾಳಗಳನ್ನು ಹಿಡಿಯುತ್ತದೆ. ಈ ಲೇಖನದಲ್ಲಿ ಹೇಳುವ ಆಪರೇಷನ್‌ಗಳು ಅವರಿಗಲ್ಲ.

ನಡಿಗೆಯ ಪ್ರಶ್ನೆಯೋ, ಕಾಲಿನ ಪ್ರಶ್ನೆಯೋ

ನಡೆದಾಗ ಮಾತ್ರ ನೋವು, ಕೂತಾಗ, ಮಲಗಿದಾಗ ಏನಿಲ್ಲ, ಪಾದದಲ್ಲಿ ಗಾಯವಿಲ್ಲ ಎಂದಾದರೆ ಅವಸರ ಬೇಡ. ಇಂಥವರಲ್ಲಿ ಐದು ವರ್ಷದೊಳಗೆ ಕಾಲು ತೆಗೆಯಬೇಕಾದ ಪ್ರಸಂಗ ನೂರಕ್ಕೆ ಐದು ಜನರಿಗೂ ಬರುವುದಿಲ್ಲ. ಅವರಿಗೆ ದೊಡ್ಡ ಅಪಾಯ ಕಾಲಿನದಲ್ಲ, ಹಾರ್ಟ್ ಅಟ್ಯಾಕ್ ಮತ್ತು ಲಕ್ವದ್ದು. ಕಾಲಿನ ನಾಳದಲ್ಲಿ ಕೂತ ಕೊಬ್ಬು ಹೃದಯದ ನಾಳದಲ್ಲೂ ಕೂತಿರುವುದೇ ಹೆಚ್ಚು.

ಆದ್ದರಿಂದ ಇವರಿಗೆ ಮೊದಲ ಆಯ್ಕೆ ಸ್ಟೆಂಟೂ ಅಲ್ಲ, ಚಾಕುವೂ ಅಲ್ಲ. ರಕ್ತ ತೆಳುವಾಗಿಸುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ, ಬೀಡಿ-ಗುಟ್ಕಾ ಬಂದ್, ಬಿಪಿ-ಶುಗರ್ ಹತೋಟಿ, ಇವುಗಳ ಜೊತೆಗೆ ಕ್ರಮವಾದ ನಡಿಗೆ. ವಾರಕ್ಕೆ ಮೂರು ಸಲವಾದರೂ, ಒಂದು ಸಲಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ, ಮೂರು ತಿಂಗಳು. ನೋವು ಚೆನ್ನಾಗಿ ಹಿಡಿಯುವವರೆಗೆ ನಡೆಯುವುದು, ನಿಲ್ಲುವುದು, ಬಿಟ್ಟ ಮೇಲೆ ಮತ್ತೆ ನಡೆಯುವುದು. ಉಣಕಲ್ ಕೆರೆಯ ದಂಡೆಯಾದರೂ ಸರಿ, ಗದಗಿನ ಭೀಷ್ಮ ಕೆರೆಯಾದರೂ ಸರಿ, ನಡುನಡುವೆ ನಿಲ್ಲಲು ಜಾಗ ಇರಬೇಕು ಅಷ್ಟೇ. ಸೊಂಟದ ನಾಳ ಕಟ್ಟಿದವರನ್ನೇ ತೆಗೆದುಕೊಂಡು ಅಮೆರಿಕದಲ್ಲಿ ನಡೆಸಿದ, 2012ರಲ್ಲಿ ಪ್ರಕಟವಾದ 'ಕ್ಲೆವರ್' ಎಂಬ ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ಟ್ರೆಡ್‌ಮಿಲ್ ಮೇಲೆ ಹೆಚ್ಚು ಹೊತ್ತು ನಡೆಯಲು ಶಕ್ತರಾದವರು ಸ್ಟೆಂಟ್ ಹಾಕಿಸಿಕೊಂಡವರಲ್ಲ, ಮೇಲ್ವಿಚಾರಣೆಯಲ್ಲಿ ನಡಿಗೆ ಮಾಡಿದವರು. ತಮ್ಮ ಬದುಕು ಹಗುರಾಯಿತು ಎಂದು ಹೆಚ್ಚು ಹೇಳಿದವರು ಮಾತ್ರ ಸ್ಟೆಂಟಿನವರು. ನನ್ನ ಅನುಭವವೂ ಹಾಗೇ ಇದೆ: ನಡಿಗೆ ಕೆಲಸ ಮಾಡುತ್ತದೆ, ಆದರೆ ಮೂರು ತಿಂಗಳು ಬಿಡದೆ ಮಾಡುವವರು ಕಡಿಮೆ. ಸಿಲೋಸ್ಟಜೋಲ್ ಮಾತ್ರೆಯಿಂದ ಕೆಲವರಿಗೆ ಇನ್ನಷ್ಟು ದೂರ ನಡೆಯಲು ಆಗುತ್ತದೆ. ಹೃದಯ ದುರ್ಬಲವಾಗಿದ್ದವರಿಗೆ ಅದನ್ನು ಕೊಡುವಂತಿಲ್ಲ.

ರಾತ್ರಿ ಪಾದ ಉರಿದು ನಿದ್ದೆ ಬಾರದೆ ಕಾಲನ್ನು ಹೊರಸಿನಿಂದ ಕೆಳಗೆ ಇಳಿಬಿಟ್ಟು ಕೂರುವವರು, ಬೆರಳಿನ ಗಾಯ ಎರಡು ವಾರಕ್ಕೂ ಒಣಗದವರು, ಬೆರಳ ತುದಿ ಕಪ್ಪಾದವರು ಬೇರೆ ಸಾಲಿನವರು. ಅಲ್ಲಿ ಪಣಕ್ಕಿರುವುದು ಕಾಲೇ. ಅವರಿಗೆ ಸ್ಟೆಂಟಿನಿಂದಲೋ ಬೈಪಾಸಿನಿಂದಲೋ (ಬ್ಲಾಕನ್ನು ಬಳಸಿಕೊಂಡು ಹೋಗುವ ಬದಲಿ ನಾಳ) ರಕ್ತ ಇಳಿಸಲೇಬೇಕು. ಮೂರು ತಿಂಗಳ ನಡಿಗೆ ಅವರಿಗೆ ಹೇಳುವ ಮಾತಲ್ಲ.

ಇನ್ನು, ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಚಿ, ಜೋಮು ಹಿಡಿದು, ಬೆರಳು ಅಲ್ಲಾಡದಂತಾದರೆ ಹೋಲಿಕೆ, ಆಯ್ಕೆ ಯಾವುದಕ್ಕೂ ಹೊತ್ತಿಲ್ಲ. ಸುಮಾರು ಆರು ಗಂಟೆಯೊಳಗೆ ರಕ್ತ ಹರಿಯಬೇಕು. ಗದಗಿನಿಂದ ಹುಬ್ಬಳ್ಳಿಗೆ ಹತ್ತಿರಹತ್ತಿರ 60 ಕಿ.ಮೀ., ಹಾವೇರಿಯಿಂದ 75. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಸ್ಟೆಂಟ್: ಬೇಗ ಮನೆಗೆ, ಆದರೆ ಕಣ್ಣಿಟ್ಟಿರಬೇಕು

ತೊಡೆಸಂದಿ ಅಥವಾ ತೋಳಿನ ನಾಳದೊಳಗೆ ಸೂಜಿ ಚುಚ್ಚಿ, ಸಣ್ಣ ತಂತಿಯನ್ನು ಬ್ಲಾಕಿನ ಆಚೆಗೆ ದಾಟಿಸಿ, ಬಲೂನು ಉಬ್ಬಿಸಿ, ಲೋಹದ ಜಾಲರಿ ಕೂರಿಸುತ್ತಾರೆ. ಚಾರ್ಲ್ಸ್ ಡಾಟರ್ ಎಂಬ ಅಮೆರಿಕದ ವೈದ್ಯ 1964ರಲ್ಲಿ, ಬಲೂನಿಲ್ಲದೆ ಬರೀ ಕೊಳವೆ ತೂರಿಸಿ, ಮೊದಲು ತೆರೆದದ್ದು ಕಾಲಿನ ನಾಳವನ್ನೇ. ಹೃದಯದ ಸರದಿ ಬಂದದ್ದು ಆಮೇಲೆ. ಕವಲೊಡೆಯುವ ಜಾಗದಲ್ಲೇ ಬ್ಲಾಕ್ ಇದ್ದರೆ ಎರಡೂ ಕಡೆಯಿಂದ ಒಂದೊಂದು ಸ್ಟೆಂಟನ್ನು ಏಕಕಾಲಕ್ಕೆ, ಒಂದಕ್ಕೊಂದು ತಾಗಿಸಿ ಬಿಚ್ಚುತ್ತಾರೆ. ಎಚ್ಚರದಲ್ಲೇ ಇರುತ್ತೀರಿ, ಒಂದೆರಡು ದಿನದಲ್ಲಿ ಮನೆಗೆ, ಒಂದು ವಾರದಲ್ಲಿ ಹಗುರ ಕೆಲಸಕ್ಕೆ.

ಬ್ಲಾಕ್ ಗಿಡ್ಡವಿದ್ದು ಸೊಂಟದ ಕವಲಿನೊಳಗೇ ಇದ್ದರೆ ಇವತ್ತು ಹೊಟ್ಟೆ ತೆರೆಯುವ ಮಾತನ್ನು ಯಾರೂ ಎತ್ತುವುದಿಲ್ಲ, ಎತ್ತಲೂಬಾರದು. ತಕರಾರು ಶುರುವಾಗುವುದು ಉದ್ದನೆಯ, ಪೂರ್ತಿ ಮುಚ್ಚಿದ ಬ್ಲಾಕುಗಳಲ್ಲಿ. ವಿಸ್ತಾರವಾದ ಕಾಯಿಲೆಯಲ್ಲಿ ಹಾಕಿದ ಸ್ಟೆಂಟು ಮತ್ತೆ ಕೈಹಾಕದೆ ಐದು ವರ್ಷ ತೆರೆದಿರುವುದು ನೂರರಲ್ಲಿ ಸುಮಾರು 60ರಿಂದ 85 ಜನರಲ್ಲಿ ಎಂದು ವರದಿಗಳಿವೆ. ಮುಚ್ಚುತ್ತಾ ಬಂದದ್ದನ್ನು ಡಾಪ್ಲರಿನಲ್ಲಿ (ರಕ್ತದ ಹರಿವು ನೋಡುವ ಸ್ಕ್ಯಾನ್) ಹಿಡಿದು ಮತ್ತೊಮ್ಮೆ ಬಲೂನು ಮಾಡಿಸಿದರೆ ಲೆಕ್ಕ ಆಪರೇಷನ್ನಿಗೆ ಸಮೀಪವೇ ಬರುತ್ತದೆ. ಆದರೆ 'ಹಿಡಿದು' ಎನ್ನುವುದರಲ್ಲೇ ಎಲ್ಲ ಇದೆ. ಹಾನಗಲ್ಲಿನ ಒಳಹಳ್ಳಿಯಿಂದ, ಮುಂಡರಗಿಯ ಆಚೆಯಿಂದ ಆರು ತಿಂಗಳಿಗೊಮ್ಮೆ ಬಂದು ಡಾಪ್ಲರ್ ಮಾಡಿಸುವವರಿದ್ದೀರಾ? ಇದನ್ನು ಮನೆಯವರು ತಮ್ಮತಮ್ಮಲ್ಲೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ನೋವು ಹೋಯಿತೆಂದು ಮಾತ್ರೆಯನ್ನೂ ಬಿಟ್ಟು, ಕಾಲು ಪೂರ್ತಿ ತಣ್ಣಗಾದ ಮೇಲೆ ಬಂದವರನ್ನು ನೋಡಿದ್ದೇನೆ.

ತೊಂದರೆಗಳು ಇಲ್ಲವೆಂದಲ್ಲ. ಸುಣ್ಣಗಟ್ಟಿದ ನಾಳ ಹರಿದು ಒಳಗೇ ರಕ್ತಸ್ರಾವವಾಗಬಹುದು, ಕಿತ್ತ ಚೂರು ಪಾದದ ಕಡೆ ಹರಿದುಹೋಗಬಹುದು, ಕ್ರಿಯಾಟಿನಿನ್ ಜಾಸ್ತಿ ಇದ್ದವರಿಗೆ, ಅಂದರೆ ಕಿಡ್ನಿ ಮೊದಲೇ ಸೋತವರಿಗೆ, ನಾಳ ಕಾಣಲೆಂದು ಬಿಡುವ ಬಣ್ಣದ ಔಷಧಿ ಇನ್ನಷ್ಟು ಹೊಡೆತ ಕೊಡಬಹುದು. ಇವೆಲ್ಲ ಅಪರೂಪ. ಅಪರೂಪವಾದರೂ, ನಾಳ ಹರಿದರೆ ಅದೇ ಕಟ್ಟಡದಲ್ಲಿ ಆಗಿಂದಾಗಲೇ ಹೊಟ್ಟೆ ತೆರೆಯಬಲ್ಲವರು ಇರಬೇಕು.

ಹೊಟ್ಟೆ ತೆರೆದು ಬೈಪಾಸ್: ಒಳಗೆ ಏನು ನಡೆಯುತ್ತದೆ

ಜನ ಹೆದರುವುದು ಇದಕ್ಕೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೂರ್ತಿ ಅರಿವಳಿಕೆ ಕೊಟ್ಟು, ನೋವಿಗೆಂದು ಬೆನ್ನಿನಲ್ಲೂ ಸಣ್ಣ ಕೊಳವೆ ಇಡುವುದುಂಟು. ಎದೆಗೂಡಿನ ಕೆಳಗಿನಿಂದ ಹೊಕ್ಕುಳು ದಾಟಿ ಕೆಳಗಿನವರೆಗೆ ಒಂದು ಉದ್ದ ಗಾಯ, ಎರಡು ತೊಡೆಸಂದಿಗಳಲ್ಲಿ ಒಂದೊಂದು. ಕರುಳನ್ನು ಪಕ್ಕಕ್ಕೆ ಸರಿಸಿದರೆ ಬೆನ್ನುಮೂಳೆಯ ಮೇಲೆ ಮಹಾಪಧಮನಿ ಕಾಣುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಸಾಮಾನ್ಯವಾಗಿ ಕಿಡ್ನಿಯ ನಾಳಗಳ ಕೆಳಗೆ ಕ್ಲ್ಯಾಂಪ್ ಹಾಕಿ, ಪ್ಯಾಂಟಿನ ಆಕಾರದ ಕೃತಕ ನಾಳದ ಸೊಂಟವನ್ನು ಅಲ್ಲಿಗೆ ಹೊಲಿಯುತ್ತಾರೆ. ಅದರ ಎರಡು ಕಾಲುಗಳನ್ನು ಹೊಟ್ಟೆಯ ಹಿಂಬದಿಯ ಸುರಂಗದಲ್ಲಿ ಇಳಿಸಿ ತೊಡೆಸಂದಿಯ ನಾಳಗಳಿಗೆ ಜೋಡಿಸುತ್ತಾರೆ. ಕಟ್ಟಿಕೊಂಡ ಹಳೆಯ ನಾಳ ಇದ್ದಲ್ಲೇ ಇರುತ್ತದೆ, ರಕ್ತ ಅದನ್ನು ಬಳಸಿಕೊಂಡು ಹೋಗುತ್ತದೆ. ಮೂರರಿಂದ ಐದು ತಾಸಿನ ಕೆಲಸ. ಗಿಡ್ಡನೆಯ ಬ್ಲಾಕಿದ್ದರೆ ನಾಳವನ್ನೇ ಸೀಳಿ ಒಳಗಿನ ಕೊಬ್ಬು ಕೆರೆದು ತೆಗೆಯುವ ಹಳೆಯ ಪದ್ಧತಿಯೂ ಇದೆ. ಸ್ಟೆಂಟ್ ಬಂದ ಮೇಲೆ ಸೊಂಟದಲ್ಲಿ ಅದು ಅಪರೂಪವಾಗಿದೆ.

ಕೃತಕ ನಾಳದ ಬಗ್ಗೆ ಒಂದು ಮಾತು. 1950ರಲ್ಲಿ ಪ್ಯಾರಿಸ್ಸಿನ ಜಾಕ್ ಊಡೋ ಮೊದಲ ಸಲ ಈ ಕವಲನ್ನು ಬದಲಿಸಿದಾಗ ಬಳಸಿದ್ದು ಮೃತರ ನಾಳ. ಕೆಲವೇ ವರ್ಷಗಳಲ್ಲಿ ಬಟ್ಟೆಯ ನಾಳಗಳು ಬಂದವು. ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ಅಂಗಡಿಯಿಂದ ಡೇಕ್ರಾನ್ ಬಟ್ಟೆ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಹೊಲಿದು ನೋಡಿದ್ದು ಪ್ರಸಿದ್ಧ ಕತೆ. ಡೇಕ್ರಾನ್ ಎಂದರೆ ಪಾಲಿಯೆಸ್ಟರ್ ನೂಲು, ನೇಯ್ದದ್ದೂ ಇದೆ, ಹೆಣೆದದ್ದೂ ಇದೆ. ಹೆಣೆದದ್ದರಲ್ಲಿ ರಕ್ತ ಜಿನುಗಬಾರದೆಂದು ಕೊಲಾಜೆನ್ ಅಥವಾ ಜಿಲೆಟಿನ್ ಲೇಪ ಕೊಟ್ಟಿರುತ್ತಾರೆ. ಬೆಟಗೇರಿಯ ನೇಕಾರರೊಬ್ಬರಿಗೆ ಇದನ್ನು ವಿವರಿಸಿದಾಗ ಅವರು ಆಪರೇಷನ್ನಿನ ಬಗ್ಗೆ ಕೇಳುವುದನ್ನು ಬಿಟ್ಟು "ಸೀಮ್ ಎಲ್ಲಿ ಬರ್ತೈತ್ರಿ?" ಎಂದು ಕೇಳಿದರು. ಸೀಮೇ ಇಲ್ಲದೆ ಕವಲು ಸಮೇತ ಒಂದೇ ತುಂಡಾಗಿ ಬರುತ್ತದೆ ಎಂದ ಮೇಲೆ ಅವರ ಹೆದರಿಕೆ ಅರ್ಧ ಇಳಿಯಿತು.

ಬಾಳಿಕೆಯಲ್ಲಿ ಇದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಐದು ವರ್ಷಕ್ಕೆ ನೂರರಲ್ಲಿ 85ರಿಂದ 90, ಹತ್ತು ವರ್ಷಕ್ಕೆ ಮುಕ್ಕಾಲು ಪಾಲಾದರೂ ತೆರೆದೇ ಇರುತ್ತವೆ. ಬೆಲೆ ಕೊಡುವುದು ಮೊದಲ ತಿಂಗಳಲ್ಲಿ. ಅನುಭವವಿರುವ ಕಡೆಯೂ ನೂರಕ್ಕೆ ಎರಡರಿಂದ ನಾಲ್ಕು ಜನ ಮೂವತ್ತು ದಿನದೊಳಗೆ ತೀರಿಕೊಳ್ಳುತ್ತಾರೆ, ಮುಖ್ಯವಾಗಿ ಹೃದಯದಿಂದ. ನ್ಯುಮೋನಿಯಾ, ಕಿಡ್ನಿ ಸೋಲುವುದು, ಕರುಳಿಗೆ ರಕ್ತ ಕಡಿಮೆಯಾಗುವುದು, ಆಮೇಲೆ ಗಾಯದ ಜಾಗದಲ್ಲಿ ಹರ್ನಿಯಾ, ಇವೆಲ್ಲ ಪಟ್ಟಿಯಲ್ಲಿವೆ. ನಾಳಕ್ಕೇ ಸೋಂಕು ತಗಲುವುದು ನೂರಕ್ಕೆ ಒಂದೆರಡು ಜನರಲ್ಲಿ. ತಗಲಿದರೆ ಅದನ್ನು ತೆಗೆದುಹಾಕುವುದು ಮೊದಲ ಆಪರೇಷನ್ನಿಗಿಂತ ಕಷ್ಟ. ಐಸಿಯುದಲ್ಲಿ ಒಂದೆರಡು ದಿನ, ಆಸ್ಪತ್ರೆಯಲ್ಲಿ ಒಟ್ಟು ವಾರದಿಂದ ಹತ್ತು ದಿನ, ಚೇತರಿಸಿಕೊಳ್ಳಲು ಆರರಿಂದ ಎಂಟು ವಾರ. ಭಾರ ಎತ್ತುವುದು ಮೂರು ತಿಂಗಳು ಬಂದ್.

ಗಂಡಸರು ಕೇಳಲೇಬೇಕಾದ, ಆದರೆ ಕೇಳದ ವಿಷಯ: ಮಹಾಪಧಮನಿ ಕವಲೊಡೆಯುವಲ್ಲಿ ಹಾದುಹೋಗುವ ಸಣ್ಣ ನರಗಳಿಗೆ ಪೆಟ್ಟಾದರೆ ವೀರ್ಯ ಹೊರಬರದೆ ಮೂತ್ರಕೋಶದ ಕಡೆಗೆ ಹೋಗಬಹುದು. ಒಳಗವಲಿಗೆ ರಕ್ತ ಚೆನ್ನಾಗಿ ಸಿಕ್ಕರೆ ನಿಮಿರುವಿಕೆ ಸುಧಾರಿಸುವುದೂ ಉಂಟು, ಸಿಗದಿದ್ದರೆ ಕೆಡುವುದೂ ಉಂಟು. ಇನ್ನೂ ಮಕ್ಕಳಾಗಬೇಕೆಂದು ಇರುವವರು ಸಹಿ ಹಾಕುವ ಮೊದಲೇ ಮಾತಾಡಬೇಕು.

ನಡುವಿನ ದಾರಿಗಳು

ಬೀಡಿ ಸೇದಿದವರಲ್ಲಿ ತೊಡೆಸಂದಿಯ ನಾಳವೂ ಗಟ್ಟಿಯಾಗಿ ಮುಚ್ಚಿರುವುದು ಮಾಮೂಲು. ಕಾಲು ಮಡಚುವ ಜಾಗವಾದ್ದರಿಂದ ಅಲ್ಲಿ ಸ್ಟೆಂಟ್ ಹಾಕಲು ವೈದ್ಯರು ಹಿಂದೇಟು ಹಾಕುತ್ತಾರೆ. ಅಂಥಲ್ಲಿ ತೊಡೆಸಂದಿಯನ್ನಷ್ಟೇ ಕೊಯ್ದು ಕೊಬ್ಬು ಕೆರೆದು ತೆಗೆದು, ತೇಪೆ ಹಾಕಿ, ಅಲ್ಲಿಂದಲೇ ಮೇಲಕ್ಕೆ ಸೊಂಟದ ನಾಳಕ್ಕೆ ಸ್ಟೆಂಟ್ ಕೂರಿಸುತ್ತಾರೆ. ಇದಕ್ಕೆ ಹೈಬ್ರಿಡ್ ಎನ್ನುತ್ತಾರೆ. ನಮ್ಮ ಕಡೆಯ ವಯಸ್ಸಾದವರಲ್ಲಿ ಬಹಳ ಜನಕ್ಕೆ ಒಪ್ಪುವ ದಾರಿ ಇದೇ ಎಂದು ನನ್ನ ಅಭಿಪ್ರಾಯ. ಆದರೆ ಮನೆಯವರು ಕೇಳುವುದು 'ಓಪನ್ನೋ ಸ್ಟೆಂಟೋ' ಎಂದು ಎರಡನ್ನೇ, ಹಾಗಾಗಿ ಇದರ ಹೆಸರೇ ಬಾಯಿಗೆ ಬರುವುದಿಲ್ಲ. ನೀವಾಗಿ ಕೇಳಿ.

ಒಂದೇ ಕಡೆ ಕಟ್ಟಿದ್ದು ಇನ್ನೊಂದು ಕಡೆ ರಕ್ತ ಚೆನ್ನಾಗಿದ್ದರೆ, ಆ ತೊಡೆಸಂದಿಯಿಂದ ಈ ತೊಡೆಸಂದಿಗೆ ಚರ್ಮದ ಕೆಳಗೆ ಅಡ್ಡ ನಾಳ ಎಳೆಯಬಹುದು. ಎರಡೂ ಕಡೆ ಕಟ್ಟಿ, ಹೊಟ್ಟೆ ತೆರೆಯಲೂ ಆಗದ ಸ್ಥಿತಿ ಇದ್ದರೆ ಭುಜದ ಕೆಳಗಿನ ನಾಳದಿಂದ ಪಕ್ಕೆಯುದ್ದಕ್ಕೂ ಚರ್ಮದಡಿ ತೊಡೆಸಂದಿಯವರೆಗೆ ನಾಳ ಇಳಿಸುತ್ತಾರೆ. ದೇಹಕ್ಕೆ ಹೊರೆ ಕಡಿಮೆ, ಬಾಳಿಕೆಯೂ ಕಡಿಮೆ. ಆ ಮಗ್ಗುಲಾಗಿ ಒತ್ತಿ ಮಲಗುವಂತಿಲ್ಲ, ಧೋತರದ ಗಂಟು, ಬೆಲ್ಟು, ಸೀರೆಯ ಲಂಗದ ಲಾಡಿ ಬಿಗಿಯುವಂತಿಲ್ಲ. ಕಾಲು ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲದಾಗಿನ ದಾರಿ ಇದು, ಬರೀ ನಡಿಗೆಯ ನೋವಿಗೆ ಅಲ್ಲ.

ಹಾಗಾದರೆ ಯಾರಿಗೆ ಯಾವುದು

ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುವ, ಐವತ್ತೈದರ ಗಂಡಸು ಎಂದುಕೊಳ್ಳಿ. ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿದೆ, ಮಹಾಪಧಮನಿ ಕಿಡ್ನಿಯ ನಾಳಗಳ ಹತ್ತಿರದವರೆಗೂ ಮುಚ್ಚಿದೆ, ರಾತ್ರಿ ಪಾದ ಉರಿಯುತ್ತದೆ. ಇವನಿಗೆ ನಾನು ಹೊಟ್ಟೆಯ ಆಪರೇಷನ್ ಕಡೆಗೇ ವಾಲುತ್ತೇನೆ. ಮುಂದೆ ಇಪ್ಪತ್ತು ವರ್ಷದ ಬದುಕಿದೆ, ಇಂಥ ಬ್ಲಾಕಿನಲ್ಲಿ ತಂತಿ ದಾಟಿಸುವುದೂ ಸುಲಭವಲ್ಲ. ಮೂರು ತಿಂಗಳು ದುಡಿಮೆ ಇಲ್ಲದೆ ಮನೆ ಹೇಗೆ ನಡೆಯುತ್ತದೆ ಎನ್ನುವುದನ್ನು ಮೊದಲೇ ಕೂತು ಲೆಕ್ಕ ಹಾಕಬೇಕು. ಚೀಲ ಹೊರುವ ಕೆಲಸಕ್ಕೇ ಮರಳುವುದಾದರೆ ಹರ್ನಿಯಾದ ಮಾತನ್ನೂ ಸರ್ಜನ್ ಜೊತೆ ಆಡಬೇಕು.

ಅದೇ ಚಿತ್ರ ಎಪ್ಪತ್ನಾಲ್ಕರ ಅಜ್ಜನದಾಗಿದ್ದು, ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿದ್ದು, ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಹೊಟ್ಟೆ ತೆರೆಯುವ ಮಾತು ಬಿಡಿ. ಸ್ಟೆಂಟ್, ಹೈಬ್ರಿಡ್, ಅದೂ ಆಗದಿದ್ದರೆ ಚರ್ಮದಡಿಯ ನಾಳ. "ದೊಡ್ಡ ಆಪರೇಷನ್ ಮಾಡಿಸಲಿಲ್ಲ, ಅಪ್ಪನಿಗೆ ಕಡಿಮೆ ಮಾಡಿದೆವು" ಎಂದು ಮಕ್ಕಳು ಕೊರಗಬೇಕಿಲ್ಲ. ಹಿಂದೆ ಹೊಟ್ಟೆಯ ಆಪರೇಷನ್ ಹಲವು ಸಲ ಆದವರು, ಹೊಟ್ಟೆಯಲ್ಲಿ ಸೋಂಕು ಇರುವವರು, ಕ್ಯಾನ್ಸರ್ ಇರುವವರೂ ಇದೇ ಸಾಲಿಗೆ.

ಯಾವುದನ್ನೇ ಆರಿಸಿ, ಬೀಡಿ ನಿಲ್ಲದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಆಮೇಲೂ ಸೇದುವವರಲ್ಲಿ ಬೈಪಾಸ್ ನಾಳ ಮುಚ್ಚುವ ಸಾಧ್ಯತೆ ಸುಮಾರು ಮೂರು ಪಟ್ಟು. ಹೊಟ್ಟೆಯ ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟರೆ ಶ್ವಾಸಕೋಶ ಒಂದಿಷ್ಟು ಸುಧಾರಿಸಿಕೊಳ್ಳುತ್ತದೆ.

ಎಲ್ಲಿ, ಯಾವ ದುಡ್ಡಿನಲ್ಲಿ

ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಮೊದಲಿನ ಕಿಮ್ಸ್), ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ವಿಚಾರಣೆ ಶುರುಮಾಡುವ ಜಾಗಗಳು. ಎಲ್ಲಿಗೇ ಹೋದರೂ ಕೇಳಬೇಕಾದದ್ದು: ರಕ್ತನಾಳದ ಸರ್ಜನ್ ದಿನವೂ ಇರುತ್ತಾರೋ, ವಾರಕ್ಕೊಮ್ಮೆ ಬೇರೆ ಊರಿನಿಂದ ಬಂದು ಹೋಗುತ್ತಾರೋ? ರಾತ್ರಿ ಎರಡಕ್ಕೆ ರಕ್ತ ಸೋರಿದರೆ ಯಾರು ನೋಡುತ್ತಾರೆ? ಈ ಆಪರೇಷನ್ ಇಲ್ಲಿ ವರ್ಷಕ್ಕೆ ಎಷ್ಟು ಆಗುತ್ತವೆ? ಕೇಳಿದರೆ ಒಳ್ಳೆಯ ಸರ್ಜನ್ ಸಿಟ್ಟಾಗುವುದಿಲ್ಲ. ಸ್ಟೆಂಟ್ ಮಾತ್ರ ಮಾಡುವವರ ಹತ್ತಿರ ಹೋದರೆ ಸ್ಟೆಂಟೇ ಒಳ್ಳೆಯದಾಗಿ ಕಾಣುತ್ತದೆ, ಇದು ಮನುಷ್ಯಸಹಜ. ಎರಡನ್ನೂ ಮಾಡುವವರೊಬ್ಬರಿಗೆ ಸಿಟಿ ಆಂಜಿಯೋದ ಸಿಡಿ ತೋರಿಸಿ. ಬರೀ ರಿಪೋರ್ಟಿನ ಕಾಗದ ಸಾಲದು. ತೀರಾ ತೊಡಕಿನದಾದರೆ ಬೆಂಗಳೂರಿನ ದಾರಿ ಹಿಡಿಯುವುದರಲ್ಲಿ ತಪ್ಪಿಲ್ಲ, ಅವಸರವಿಲ್ಲದ ಕೇಸಾಗಿದ್ದರೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜಿನ ಖರ್ಚಿನಲ್ಲಿ ಶೇ. 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ತುರ್ತು ಅಲ್ಲದ ಕೇಸಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡು ತೆಗೆದರೆ ನಡೆಯುವುದಿಲ್ಲ. ಸ್ಟೆಂಟ್ ಎಷ್ಟು ಬೇಕಾಗಬಹುದು, ಪ್ಯಾಕೇಜಿನಲ್ಲಿ ಎಷ್ಟಕ್ಕೆ ಅವಕಾಶವಿದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಟೇಬಲ್ ಮೇಲೆ ಮಲಗಿಸಿದ ಮೇಲೆ "ಇನ್ನೊಂದು ಬೇಕು" ಎಂಬ ಫೋನ್ ಬಂದರೆ ಮನೆಯವರಿಗೆ ಯೋಚಿಸಲು ಹೊತ್ತಿರುವುದಿಲ್ಲ.

ಮನೆಗೆ ಬಂದ ಮೇಲೆ

ಸ್ಟೆಂಟಿನವರು ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಹೇಳಿದಷ್ಟು ದಿನ ತೆಗೆದುಕೊಂಡು, ಆಮೇಲೆ ಒಂದನ್ನು ಜೀವನಪೂರ್ತಿ ಮುಂದುವರಿಸಬೇಕು. ಹಲ್ಲು ಕೀಳಿಸುವಾಗ ನಾವಾಗಿಯೇ ನಿಲ್ಲಿಸುವುದು ಬೇಡ. ಬೈಪಾಸಿನವರಿಗೆ ಮೊದಲ ತಿಂಗಳು ತೊಡೆಸಂದಿಯ ಗಾಯದ್ದೇ ಚಿಂತೆ. ಬೇಸಿಗೆಯ ಬೆವರಿನಲ್ಲಿ, ಶುಗರ್ ಇರುವ ದಪ್ಪ ದೇಹದಲ್ಲಿ ಅದು ಬೇಗ ಕೆಡುತ್ತದೆ, ಒಣಗಿಸಿ ಇಡಬೇಕು. ವರ್ಷಗಳು ಕಳೆದ ಮೇಲೂ ಅಲ್ಲಿ ಊತ ಬಂದರೆ, ಕೀವು ಒಸರಿದರೆ ಮುಲಾಮು ಹಚ್ಚಿ ಕೂರದೆ ಆಪರೇಷನ್ ಮಾಡಿದವರಿಗೇ ತೋರಿಸಿ. ಹೊಟ್ಟೆಯ ಬೈಪಾಸ್ ಆದವರು ರಕ್ತ ವಾಂತಿ ಮಾಡಿಕೊಂಡರೆ, ಮಲ ಡಾಂಬರಿನಂತೆ ಕಪ್ಪಾದರೆ ಅದನ್ನು ಅಲ್ಸರ್ ಎಂದುಕೊಳ್ಳಬಾರದು. ಕೃತಕ ನಾಳ ಕರುಳಿಗೆ ಅಂಟಿ ತೂತಾಗುವುದು ಅಪರೂಪವಾದರೂ ಇದೆ. ಮೊದಲು ಸ್ವಲ್ಪ ರಕ್ತ ಹೋಗಿ ನಿಂತು, ಆಮೇಲೆ ಒಮ್ಮೆಲೇ ಹರಿಯುತ್ತದೆ. ಯಾವ ಆಸ್ಪತ್ರೆಗೆ ಹೋದರೂ ಕೇಸ್‌ಪೇಪರ್ ಬರೆಯುವವರಿಗೆ ಮೊದಲು "ಹೊಟ್ಟೆಯೊಳಗೆ ಗ್ರಾಫ್ಟ್ (ಕೃತಕ ನಾಳ) ಇದೆ" ಎಂದು ಹೇಳಿ, ಡಿಸ್ಚಾರ್ಜ್ ಕಾರ್ಡಿನ ಒಂದು ಫೋಟೋ ಮನೆಮಂದಿಯ ಮೊಬೈಲಿನಲ್ಲೂ ಇರಲಿ.